ಇಲ್ಲದ ಸದ್ದಿಗೆ ಎದ್ದವಳು

ಮಾರ್ಚ್ 4, ಬುಧವಾರ

ಮೂರೂಕಾಲು. ಮಗು ಅಳುವ ಸದ್ದಿಗೆ ಎಚ್ಚರವಾಯಿತು. ಕತ್ತಲಲ್ಲೇ ಎದ್ದು ಹೋಗಿ ತೊಟ್ಟಿಲೊಳಗೆ ಕೈಯಾಡಿಸಿದ ಮೇಲೆ ನೆನಪಾಯಿತು, ನನ್ನ ಪುಟ್ಟ ಬಟಾಣಿ ಮನೆಯಲ್ಲಿಲ್ಲ. ನಿನ್ನೆ ಸಂಜೆ ಅಕ್ಕ ಕರೆದುಕೊಂಡು ಹೋದರು. ಅಳು ಸುಳ್ಳು, ಆದರೆ ಅಂಗಿಯ ಎದೆ ನಿಜವಾಗಿಯೂ ಒದ್ದೆಯಾಗಿತ್ತು. ಮಗು ಊರಿನ ಆ ತುದಿಯಲ್ಲಿ, ಹಾಲು ಈ ತುದಿಯಲ್ಲಿ.

ಸ್ವಂತ ಅಕ್ಕನಾಗಿದ್ದರೆ ಜಗಳ ಮಾಡಿಯಾದರೂ ಮಗುವನ್ನು ಉಳಿಸಿಕೊಳ್ಳುತ್ತಿದ್ದೆ. ಇವರು ನನ್ನ ಗಂಡನ ಅಕ್ಕ. ಗಂಡ ಹಡಗಿನ ಕೆಲಸದಲ್ಲಿ, ಮಳೆಗಾಲದವರೆಗೆ ನೀರಿನ ಮೇಲೆ. ಅಮ್ಮ ಇಲ್ಲ. ಇನ್ನು ಯಾರ ಮುಂದೆ ಜಗಳವಾಡುವುದು?

ತಪ್ಪು ನನ್ನದೇ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ, ಈಗ ಹೆರಿಗೆ ರಜೆ. ಹುಟ್ಟಿದಾಗ ಬೆಚ್ಚಿಬೀಳುತ್ತಿದ್ದ ಮಗು ಮೂರು ತಿಂಗಳಿಗೆ ಯಾವ ಸದ್ದಿಗೂ ತಿರುಗದೆ ಮಲಗಿರುವುದನ್ನು ನಾನು ಕಂಡಿದ್ದೇನೆ. ಆ ತಾಯಂದಿರ ಮುಖವನ್ನೂ ಕಂಡಿದ್ದೇನೆ. ಅದಕ್ಕೇ ಬಟಾಣಿ ಮಲಗಿದಾಗಲೆಲ್ಲ ಪಾತ್ರೆಯ ಮುಚ್ಚಳಕ್ಕೆ ಚಮಚದಿಂದ ಒಂದೇಟು ಹಾಕಿ ನೋಡುತ್ತಿದ್ದೆ. ಅವಳು ಕೈಕಾಲು ಬಿಚ್ಚಿ ಬೆಚ್ಚಿದರೆ ನನಗೆ ಸಮಾಧಾನ. ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ.

"ಏನೇ ಇದು? ಮಲಗಿರೋ ಮಗೂನ ಯಾಕೆ ಎಬ್ಬಿಸ್ತೀಯ?"

"ಕಿವಿ ಕೇಳಿಸುತ್ತಾ ಅಂತ ನೋಡ್ತಿದ್ದೆ ಅಕ್ಕ."

"ಬೆಳಿಗ್ಗೆ ನೋಡ್ಲಿಲ್ವಾ?"

"ಬೆಳಿಗ್ಗೆ ಕೇಳಿಸ್ತಿತ್ತು."

ಅವರು ಬೈಯಲಿಲ್ಲ. ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡು ತೊಳೆದಿಟ್ಟರು. ಮಗುವಿನ ತೂಕ ಏರದೆ ನಿಂತಿರುವುದು ಯಾಕೆಂದು ಆಗ ಅವರಿಗೆ ಗೊತ್ತಾಗಿರಬೇಕು. ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಾ ಹೇಳಿದರು: "ನೀನು ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತೇ? ಒಂದು ವಾರ ರಾತ್ರಿ ಪೂರ್ತಿ ನಿದ್ದೆ ಮಾಡು. ಮಾಡಿದೆ ಅಂತ ನೀನು ಹೇಳಿದ್ರೆ ಸಾಕು, ನಾನೇ ತಂದು ಬಿಡ್ತೀನಿ. ನಿನ್ನ ಬಾಯಿ ಮಾತು ಸಾಕು ನನಗೆ."

ಮಾರ್ಚ್ 5, ಗುರುವಾರ

ಡಾಕ್ಟರಮ್ಮ ನಿದ್ದೆಯ ಮಾತ್ರೆ ಬರೆದುಕೊಟ್ಟರು. ರಾತ್ರಿಗೆ ಒಂದು. ತಂದು ಅಡುಗೆಮನೆಯ ಕಿಟಕಿಯ ಮೇಲಿಟ್ಟಿದ್ದೇನೆ. ನುಂಗಿ ಮಲಗಿದರೆ, ನಡುರಾತ್ರಿ ಮಗುವಿಗೆ ಜ್ವರ ಬಂದು ಅಕ್ಕ ಫೋನ್ ಮಾಡಿದರೆ ಕೇಳಿಸುವುದು ಹೇಗೆ? ಒಂದು ಮಾತ್ರೆಯನ್ನು ಕಿತ್ತು ಸಿಂಕಿಗೆ ಹಾಕಿ ನೀರು ಬಿಟ್ಟೆ. ಅಕ್ಕ ನೋಡಿದರೆ ಮಾತ್ರೆಯ ಪಟ್ಟಿಯಲ್ಲಿ ಲೆಕ್ಕ ಸರಿಯಿರಬೇಕಲ್ಲ.

ಒಬ್ಬಳ ಮನೆಯಲ್ಲಿ ಕೆಲಸ ಎಷ್ಟು ಬೇಗ ಮುಗಿದುಹೋಗುತ್ತದೆ. ಒಂದು ತಟ್ಟೆ, ಒಂದು ಲೋಟ. ಉಳಿದ ಹೊತ್ತಿಗೆ ಬಟಾಣಿಯ ಹಾಲಿನ ಸೀಸೆಗಳನ್ನು ಕುದಿಸಿದೆ. ಅವನ್ನು ಯಾರೂ ಬಳಸಿಲ್ಲ, ಗೊತ್ತು. ಧೂಳು ಕೂರುತ್ತದೆ. ಬೆಳಿಗ್ಗೆ ಸಂಜೆ ಎದೆ ಹಿಂಡಿ ಹಾಲು ಚೆಲ್ಲುತ್ತೇನೆ, ಇಲ್ಲದಿದ್ದರೆ ಅವಳು ಬರುವ ಹೊತ್ತಿಗೆ ಬತ್ತಿಹೋಗಿರುತ್ತದೆ.

ಮಾರ್ಚ್ 7, ಶನಿವಾರ

ಸಂಜೆ ಏಳಕ್ಕೆ ಅಕ್ಕನ ಫೋನು. ಬೇಕರಿ ಕೆಲಸ ಅವರದು. ನಾಲ್ಕಕ್ಕೆ ಎದ್ದು ಹಿಟ್ಟು ನಾದಲು ಹೋಗಬೇಕು, ಹಾಗಾಗಿ ಒಂಬತ್ತಕ್ಕೆಲ್ಲ ಫೋನಿನ ಬಾಯಿ ಮುಚ್ಚಿ ಅಡುಗೆಮನೆಯಲ್ಲಿಟ್ಟು ಮಲಗಿಬಿಡುತ್ತಾರೆ. ಅವರು ಹೋದ ಮೇಲೆ ಭಾವ ನೋಡಿಕೊಳ್ಳುತ್ತಾರೆ.

"ನಿಮ್ಮ ಭಾವ ಇವಳನ್ನ ಎದೆ ಮೇಲೆ ಹಾಕ್ಕೊಂಡು ಪೇಪರ್ ಓದಿ ಹೇಳ್ತಾರೆ ಕಣೇ. ಷೇರು ಬೆಲೆ ಕೇಳ್ಕೊಂಡು ನಿದ್ದೆ ಹೋಗ್ತಾಳೆ. ನಮ್ಮ ಮನೇಲಿ ಷೇರು ಇಲ್ಲ, ಅದೂ ಹೇಳಿದಾರೆ ಅವಳಿಗೆ. ನಿನಗೆ ನಿದ್ದೆ ಬಂತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಇಲ್ಲ ಅಂತ. ಇರಲಿ. ಇವತ್ತಿಂದ ಎಣಿಸೋಣ."

ಬಟಾಣಿಯ ಬಾಯಿಯ ಹತ್ತಿರ ಫೋನ್ ಹಿಡಿದರು. ಉಸಿರಾಡುವ ಸದ್ದು. ಅದನ್ನು ಕೇಳಿಕೊಂಡೇ ನೆಲದ ಮೇಲೆ ಕೂತಿದ್ದೆ. ಅಕ್ಕ ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕೇಳಿಸಿತು.

ಮಾರ್ಚ್ 9, ಸೋಮವಾರ

ಪಕ್ಕದ ಬಾಗಿಲಿನ ತಾತನ ಕಿವಿ ಮೆಷಿನ್ನಿಗೆ ಹೊಸ ಸೆಲ್ಲು ಹಾಕಿಕೊಟ್ಟೆ. ನಮ್ಮ ಮಹಡಿಯಲ್ಲಿ ಇರುವುದು ನಾವಿಬ್ಬರೇ. ಕೆಳಗೆ ಬಣ್ಣದ ಅಂಗಡಿ, ರಾತ್ರಿ ಬಾಗಿಲು ಹಾಕುತ್ತಾರೆ.

"ಬನ್ನಿ ಡಾಕ್ಟ್ರೇ."

"ನಾನು ಡಾಕ್ಟರಲ್ಲ ತಾತ, ಎಷ್ಟು ಸಲ ಹೇಳೋದು."

"ಕಿವಿ ಹಿಡಿಯೋರು ಒಂದು ಡಾಕ್ಟ್ರು, ಇಲ್ಲ ಮೇಷ್ಟ್ರು. ಮೇಷ್ಟ್ರು ಅಂದ್ರೆ ನನಗೆ ಭಯ."

ಹೋದ ವರ್ಷ ಆಸ್ಪತ್ರೆಗೆ ಬಂದಿದ್ದಾಗ ನಾನೇ ಅವರ ಪರೀಕ್ಷೆ ಮಾಡಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಬಟನ್ ಒತ್ತಿ ಎನ್ನುತ್ತೇವೆ. ತಾತ ನಾನು ಸದ್ದು ಕೊಡದೆ ಇದ್ದಾಗಲೂ ಒತ್ತುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ ಪಾಪ. ಕೇಳಿಸಬೇಕು ಎಂದು ಕಾದು ಕಾದು ಕೂತವರಿಗೆ ಕೇಳಿಸಿಯೇ ಬಿಡುತ್ತದೆ. ಇಡೀ ಪರೀಕ್ಷೆ ನಿಂತಿರುವುದು ಅವರ ಬೆರಳಿನ ಮೇಲೆ, ಬೇರೆ ಸಾಕ್ಷಿ ಇಲ್ಲ. ಎಳೆಯ ಮಕ್ಕಳಿಗಾದರೆ ಸದ್ದಿನ ಜೊತೆಗೆ ಗೊಂಬೆಯೊಳಗೆ ದೀಪ ಹತ್ತುವಂತೆ ಮಾಡುತ್ತೇವೆ. ದೀಪ ಕಂಡರೆ ಸದ್ದು ನಿಜವಾಗಿ ಬಂತು ಎಂದು ಮಗುವಿಗೆ ಅರ್ಥವಾಗುತ್ತದೆ.

ದೊಡ್ಡವರಿಗೂ ಅಂಥದ್ದೊಂದು ದೀಪ ಇರಬೇಕಿತ್ತು.

ಮಾರ್ಚ್ 10, ಮಂಗಳವಾರ

ಒಂದು ಉಪಾಯ ಸಿಕ್ಕಿತು. ರಾತ್ರಿ ಅಳು ಶುರುವಾದಾಗ ಕಿವಿ ಮುಚ್ಚಿಕೊಂಡರೆ ಜೋರಾಗುತ್ತದೆ, ಕಿವಿಯಲ್ಲಿಲ್ಲವಲ್ಲ ಅದು. ನಿನ್ನೆ ಸುಮ್ಮನೆ ಸಣ್ಣ ದಿಂಬಿಗೆ ಬಟಾಣಿಯ ಹಳದಿ ಬಟ್ಟೆ ಸುತ್ತಿ, ಹೆಗಲಿಗೆ ಹಾಕಿಕೊಂಡು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಬೆನ್ನು ತಟ್ಟಿದೆ. ಅಳು ನಿಂತಿತು. ದಿಂಬನ್ನು ತೊಟ್ಟಿಲಲ್ಲಿಟ್ಟು ಬಂದು ಮಲಗಿದೆ.

ಓದಿದವಳು, ಇದು ತಮಾಷೆಯೆಂದು ಗೊತ್ತಿದೆ. ಆದರೆ ತಲೆನೋವಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲವೇ, ಇದೂ ಹಾಗೇ.

ಮಾರ್ಚ್ 12, ಗುರುವಾರ

"ನಿದ್ದೆ ಬಂತಾ?"

"ಬಂತು ಅಕ್ಕ. ಹತ್ತಕ್ಕೆ ಮಲಗಿದವಳು ಬೆಳಿಗ್ಗೆಯೇ ಎದ್ದಿದ್ದು."

ಆ ಕಡೆಯಿಂದ ಎಂಥ ನಿಟ್ಟುಸಿರು ಬಂತೆಂದರೆ, ನನಗೂ ಒಂದು ಕ್ಷಣ ನಿದ್ದೆ ಮಾಡಿದ ಹಾಗೇ ಆಯಿತು. "ನೋಡು, ಹೇಳಿರ್ಲಿಲ್ವಾ ನಾನು," ಅಂದರು. "ಒಂದು ಆಯ್ತು. ಇನ್ನು ಆರು."

ಹೇಳಬಾರದಿತ್ತು ಅನ್ನಿಸಲಿಲ್ಲ. ನಿಜ ಹೇಳುತ್ತಾ ಕೂತರೆ ಅವಳು ಭಾವನ ಎದೆಯ ಮೇಲೆಯೇ ದೊಡ್ಡವಳಾಗಿ ಪೇಪರ್ ಓದಲು ಕಲಿಯುತ್ತಾಳೆ.

ಮಾರ್ಚ್ 14, ಶನಿವಾರ

ಹಡಗಿನಿಂದ ಇವರು ಮಾತಾಡಿದರು. ಇವರ ಮಾತು ನನ್ನನ್ನು ತಲುಪುವುದು ತಡ, ನನ್ನದು ಇವರನ್ನು ತಲುಪುವುದು ತಡ. ಒಬ್ಬರ ಮೇಲೊಬ್ಬರು ಬೀಳುತ್ತೇವೆ.

"ಅಕ್ಕ ಹೇಳಿದ್ಲು, ಚೆನ್ನಾಗಿ ನಿದ್ದೆ ಮಾಡ್ತಿದೀಯಂತೆ."

"ಹೂಂ."

"ನನಗೆ ಎಷ್ಟು ಹಗುರ ಆಯ್ತು ಗೊತ್ತಾ? ಇಲ್ಲಿ ಕೂತು ಏನೂ ಮಾಡೋಕಾಗಲ್ಲ."

"ಗೊತ್ತು."

"ಏನು?"

"ಗೊತ್ತು ಅಂದೆ."

"ಏನ್ ಗೊತ್ತು?"

ಅಷ್ಟರಲ್ಲಿ ಕಡಿದುಹೋಯಿತು. ಈಗ ನಿದ್ದೆ ಮಾಡುತ್ತಿದ್ದೇನೆಂದು ನಂಬಿದವರು ಇಬ್ಬರಾದರು. ಮೂರನೆಯವಳು ನಾನಾದರೆ ಆಯಿತು.

ಅನ್ನ ಮಾಡಿದ್ದೆ. ತಿನ್ನಲು ಮರೆತು, ಹಿಂದಿನ ದಿನದ್ದೆಂದುಕೊಂಡು ಚೆಲ್ಲಿದೆ. ಬಿಸಿಯಿತ್ತು.

ಮಾರ್ಚ್ 16, ಸೋಮವಾರ

ರಾತ್ರಿ ಎರಡು ಸಲ ಎತ್ತಿಕೊಂಡೆ. ಎರಡನೇ ಸಲ ಬೇಗ ಮಲಗಿದಳು.

ಈಗ ಅಳು ಕೇಳಿಸಿದಾಗ ಎದೆಯಲ್ಲಿ ಹಾಲು ಬರುವುದಿಲ್ಲ. ಹಿಂಡಿದರೆ ಬರುತ್ತದೆ. ಅಳುವಿಗೆ ಬರುವುದಿಲ್ಲ. ಮೈ ಬುದ್ಧಿ ಕಲಿತಿದೆ, ನನಗಿಂತ ಮೊದಲು.

ಮಾರ್ಚ್ 17, ಮಂಗಳವಾರ

ಮೂರು ಸಲ. ಮಲಗಿಸಿದ್ದು ಬೆಳಕು ಹರಿದ ಮೇಲೆ.

ಮಾರ್ಚ್ 19, ಗುರುವಾರ

ಬ್ರೆಡ್ಡು, ಮೊಟ್ಟೆ ತರಲು ಹೋದೆ. ಅಂಗಡಿಯವಳು ಚಿಲ್ಲರೆ ಹುಡುಕುತ್ತಾ, "ಏನವಸರ, ಕೂತ್ಕೊಳಿ. ಮಗು ಎಲ್ಲಿ?" ಅಂದಳು.

"ಮನೇಲಿ ಮಲಗಿದಾಳೆ."

"ಒಂದನ್ನೇ ಬಿಟ್ಟು ಬಂದ್ರಾ?"

ಚಿಲ್ಲರೆ ತೆಗೆದುಕೊಳ್ಳದೆ ಓಡಿ ಬಂದೆ. ಬೀಗ ತೆಗೆಯಲು ಕೈಯಲ್ಲಿದ್ದದ್ದನ್ನೆಲ್ಲ ಕೆಳಗೆ ಹಾಕಿದೆ. ಒಳಗೆ ಹೋಗಿ ನೋಡಿದರೆ ಮಲಗಿಸಿದ ಹಾಗೆಯೇ ಇತ್ತು, ಹಳದಿ ಬಟ್ಟೆ ಸರಿದಿರಲಿಲ್ಲ. ಎಂಥ ಸಮಾಧಾನವಾಯಿತು. ಅಂಗಡಿಯವಳಿಗೆ ಹಾಗೆ ಹೇಳಿದ್ದು ವಿವರಣೆ ಕೊಡುವ ಗೋಜು ಬೇಡವೆಂದು, ಅಷ್ಟೇ.

ಸಂಜೆ ಅಕ್ಕ: "ನಿನ್ನೆಗೇ ಏಳು ಪೂರ್ತಿ ಆಯ್ತಲ್ಲೇ. ಭಾನುವಾರ ನನಗೆ ರಜ. ತಂದುಬಿಡ್ತೀನಿ."

ಹೂಂ ಹೂಂ ಎಂದು ಎರಡೆರಡು ಸಲ ಅಂದೆ. ಅವರು ಅದನ್ನು ಸಂತೋಷವೆಂದುಕೊಂಡರು. ಸಂತೋಷವೇ.

ಮಾರ್ಚ್ 20, ಶುಕ್ರವಾರ

ಮೆಟ್ಟಿಲಲ್ಲಿ ತಾತ ಸಿಕ್ಕಿದರು. ಬ್ರೆಡ್ಡಿನ ಚೀಲ ಬಾಗಿಲ ಹೊರಗೇ ಬಿದ್ದಿತ್ತಂತೆ, ಎತ್ತಿಟ್ಟುಕೊಂಡಿದ್ದರು. ಕೈಗೆ ಕೊಟ್ಟು ಹೋಗದೆ ನಿಂತರು.

"ರಾತ್ರಿಯೆಲ್ಲ ಓಡಾಡ್ತೀಯಲ್ಲಮ್ಮ."

"ಕೇಳಿಸುತ್ತಾ ತಾತ? ಮೆಷಿನ್ನು ತೆಗೆದಿಟ್ಟು ಮಲಗ್ತೀರಲ್ಲ."

"ಕಿವಿಗೆ ಏನು ಗೊತ್ತಾಗುತ್ತೆ. ಮಂಚದ ಕಾಲು ಹೇಳುತ್ತೆ. ಹಲಗೆ ನೆಲ, ನೀನು ಅಲ್ಲಿ ಕಾಲಿಟ್ರೆ ನನಗೆ ಇಲ್ಲಿ ಬೆನ್ನಲ್ಲಿ ಗೊತ್ತಾಗುತ್ತೆ. ಮೊದಮೊದಲು ಎದ್ದು ಕೂರ್ತಿದ್ದೆ. ಈಗ ಅಭ್ಯಾಸ ಆಗೋಯ್ತು, ಜೋಗುಳದ ಹಾಗೆ."

"ಭಾನುವಾರ ಅಕ್ಕ ಬರ್ತಾರೆ. ಅವರಿಗೆ ಹೇಳ್ಬೇಡಿ."

ತಾತ ನನ್ನ ಮುಖ ನೋಡಿದರು. ಡಾಕ್ಟ್ರೇ ಎನ್ನಲಿಲ್ಲ. "ಮಗು ಬಂದ್ರೆ ಸರಿ ಹೋಗುತ್ತಾ?"

"ಬಂದ್ರೇನೇ ಸರಿ ಹೋಗೋದು."

"ಹಾಗಾದ್ರೆ ನಾನು ಕಿವುಡ," ಅಂದರು.

ಮಾರ್ಚ್ 21, ಶನಿವಾರ

ಮನೆ ಒರೆಸಿದೆ. ಸೀಸೆ ಕುದಿಸಿದೆ. ಚಮಚಗಳನ್ನೆಲ್ಲ ಅಕ್ಕನಿಗೆ ಕಾಣದ ಹಾಗೆ ಮೇಲಿನ ಕಪಾಟಿನಲ್ಲಿಟ್ಟೆ. ಮಾತ್ರೆಯ ಪಟ್ಟಿಯನ್ನು ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ಕಣ್ಣ ಕೆಳಗೆ ಸ್ವಲ್ಪ ಪೌಡರು.

ದಿಂಬಿನ ಬಟ್ಟೆ ಬಿಚ್ಚಬೇಕೆಂದು ಹೋದೆ. ಒಳ್ಳೆ ನಿದ್ದೆಯಲ್ಲಿರುವಂತಿತ್ತು. ನಾಳೆ ಬಿಚ್ಚಿದರಾಯಿತು.

ಮಾರ್ಚ್ 22, ಭಾನುವಾರ, ಮಧ್ಯಾಹ್ನ

ಬಂದಳು. ಭಾರವಾಗಿದ್ದಾಳೆ. ಕೆನ್ನೆ ಬಂದಿದೆ, ಮಣಿಕಟ್ಟಿನಲ್ಲಿ ಮಡಿಕೆ ಬಂದಿದೆ. ಅಕ್ಕ ಅವಳನ್ನು ನನ್ನ ತೋಳಿಗೆ ಹಾಕಿದಾಗ ಅವಳು ನನ್ನನ್ನು ಗುರುತಿಸಲಿಲ್ಲ, ಕುತ್ತಿಗೆಯ ಹತ್ತಿರ ಮೂಸಿದ ಮೇಲೆ ಬಾಯಿ ತೆರೆದು ಎದೆ ಹುಡುಕಿದಳು. ಹಾಲಿತ್ತು. ಇಷ್ಟು ದಿನ ಚೆಲ್ಲಿದ್ದು ದಂಡವಾಗಲಿಲ್ಲ.

ಅಕ್ಕ ಮನೆಯನ್ನೆಲ್ಲ ಕಣ್ಣಲ್ಲೇ ಗುಡಿಸಿದರು. ಪಟ್ಟಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ತಾತನನ್ನು ಕೇಳಿದರು: "ಹೇಗಿದಾಳೆ ತಾತ ನಮ್ಮ ಹುಡುಗಿ? ಮಲಗ್ತಾಳಾ?"

ತಾತ ಕಿವಿಯ ಮೆಷಿನ್ನನ್ನು ತಿರುಗಿಸುತ್ತಾ, "ಏನಮ್ಮಾ? ಇದು ಯಾಕೋ ಕೈ ಕೊಡ್ತಿದೆ," ಎಂದು ಒಳಗೆ ಹೋಗಿಬಿಟ್ಟರು.

"ಪಾಪ, ಪೂರ್ತಿ ಹೋಗಿದೆ," ಅಂದರು ಅಕ್ಕ. ಹೊರಡುವಾಗ ನನ್ನ ಗಲ್ಲ ಹಿಡಿದರು. "ಇವತ್ತೊಂದು ರಾತ್ರಿ ನಾನೂ ಇಲ್ಲೇ ಇರ್ಲಾ?"

"ಬೇಡ ಅಕ್ಕ. ನಾಳೆ ನಾಲ್ಕಕ್ಕೆ ಏಳಬೇಕು ನೀವು. ಇಲ್ಲಿಂದ ಬಸ್ಸೆಲ್ಲಿ ಸಿಗುತ್ತೆ."

ಎಷ್ಟು ಸಹಜವಾಗಿ ಹೇಳಿದೆ.

ಮಾರ್ಚ್ 23, ಸೋಮವಾರ

ಎರಡು ಗಂಟೆ ದಾಟಿದೆ. ಅಕ್ಕ, ಇಲ್ಲಿಂದ ಮುಂದೆ ನಿಮಗೆ ಬರೆಯುತ್ತಿದ್ದೇನೆ.

ಹತ್ತಕ್ಕೆ ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸಿದೆ. ದಿಂಬು ನನ್ನ ಮಂಚದ ಮೇಲೇ ಇತ್ತು, ಬಟ್ಟೆ ಬಿಚ್ಚಿರಲಿಲ್ಲ. ಆಮೇಲೆ ಅಳು ಶುರುವಾಯಿತು. ಕತ್ತಲಲ್ಲೇ ಎದ್ದೆ, ಎತ್ತಿಕೊಂಡೆ, ಹೆಗಲಿಗೆ ಹಾಕಿಕೊಂಡು ಬಾಗಿಲಿಂದ ಕಿಟಕಿಗೆ ಓಡಾಡಿದೆ. ಅಳು ನಿಲ್ಲಲಿಲ್ಲ. ಇನ್ನೂ ಜೋರಾಯಿತು. ಬೆನ್ನು ತಟ್ಟಿದೆ, ಹಾಡಿದೆ, ಬೈದೆ. ಅಂಗಿಯ ಎದೆ ಪೂರ್ತಿ ತೊಯ್ದು ಹೊಟ್ಟೆಯವರೆಗೆ ಇಳಿಯಿತು. ಆಗಲಾದರೂ ತಿಳಿಯಬೇಕಿತ್ತು. ಎಷ್ಟೋ ದಿನದಿಂದ ಆ ಸುಳ್ಳು ಅಳುವಿಗೆ ಒಂದು ಹನಿಯೂ ಬಂದಿರಲಿಲ್ಲ. ಮೈಗೆ ಗೊತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಕೊನೆಗೆ ಸಾಕಾಗಿ, ದಿನಾ ಮಾಡುವ ಹಾಗೆ, ಹೆಗಲಿನ ಮೇಲಿದ್ದದ್ದನ್ನು ತೊಟ್ಟಿಲಲ್ಲಿಟ್ಟು ಹೊದಿಕೆ ಎಳೆದೆ. ಅಳು ನಿಂತಿತು. ಮಲಗಿದಳು ಎಂದುಕೊಂಡೆ.

ಹೊದಿಕೆಯ ತುದಿ ಸಿಕ್ಕಿಸುವಾಗ ಕೈಗೆ ಒಂದು ಪಾದ ತಾಗಿತು. ಬೆಚ್ಚಗಿತ್ತು. ಒದೆಯುತ್ತಿತ್ತು.

ದಿಂಬು ಅವಳ ಮುಖದ ಮೇಲಿತ್ತು ಅಕ್ಕ. ನಾನು ಹೆಗಲ ಮೇಲೆ ಹಾಕಿಕೊಂಡು ಸಮಾಧಾನ ಮಾಡಿದ್ದು ದಿಂಬನ್ನು. ಅಷ್ಟು ಹೊತ್ತೂ ತೊಟ್ಟಿಲಲ್ಲಿ ಅತ್ತಿದ್ದು ಅವಳು.

ಕಿತ್ತು ತೆಗೆದೆ. ಒಂದು ಉಸಿರು ಎಳೆದಳು, ಆಮೇಲೆ ಕೂಗಿದಳು. ಚೆನ್ನಾಗಿದ್ದಾಳೆ. ದೀಪ ಹಾಕಿ ನೋಡಿದೆ, ತುಟಿ ಕೆಂಪಗಿದೆ, ಉಸಿರು ಸಮವಾಗಿದೆ. ಹಾಲು ಕುಡಿದಳು. ಈಗ ನಿದ್ದೆಯಲ್ಲೇ ಬಿಕ್ಕುತ್ತಿದ್ದಾಳೆ, ಧ್ವನಿ ಬಿದ್ದುಹೋಗಿದೆ. ದೀಪ ಆರಿಸಿಲ್ಲ. ತೊಟ್ಟಿಲಲ್ಲಿ ಅವಳನ್ನು ಬಿಟ್ಟು ಬೇರೇನೂ ಇಲ್ಲ. ಮತ್ತೆ ಮತ್ತೆ ಕೈಯಾಡಿಸಿ ನೋಡಿದ್ದೇನೆ.

ನಾನು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಏಳು ಸಲವೂ ಸುಳ್ಳು ಹೇಳಿದೆ. ಮಾತ್ರೆಗಳು ಸಿಂಕಿಗೆ ಹೋದವು. ನೀವು ನನ್ನ ಬಾಯಿ ಮಾತು ಸಾಕು ಅಂದಿರಿ, ನಾನು ತಾತನ ಹಾಗೆ ಬಟನ್ ಒತ್ತಿದೆ.

ನಿಮಗೆ ಫೋನ್ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ, ಗೊತ್ತು. ಭಾವ ಫೋನ್ ಇಟ್ಟುಕೊಳ್ಳುವುದಿಲ್ಲ. ತಾತನ ಬಾಗಿಲು ಬಡಿದೆ. ಆಮೇಲೆ ನೆಲವನ್ನು ಕಾಲಿಂದ ಗುದ್ದಿದೆ, ಬೆನ್ನಿಗಾದರೂ ಗೊತ್ತಾಗಲಿ ಎಂದು. ಅವರಿಗೆ ನನ್ನ ಕಾಲಿನ ಸದ್ದು ಜೋಗುಳವಾಗಿಬಿಟ್ಟಿದೆ. ಆಂಬುಲೆನ್ಸ್ ಕರೆದರೆ ಏನೆಂದು ಹೇಳಲಿ? ಮಗು ಚೆನ್ನಾಗಿದೆ, ತಾಯಿಯನ್ನು ಕರೆದುಕೊಂಡು ಹೋಗಿ ಎಂದರೆ, ಅವರು ಬರುವವರೆಗೆ ಮಗುವಿನ ಹತ್ತಿರ ಇರುವವಳು ನಾನೇ ತಾನೇ. ಅವಳನ್ನು ಎತ್ತಿಕೊಂಡು ನಿಮ್ಮ ಮನೆಗೆ ನಡೆದೇ ಹೊರಡೋಣವೆಂದು ಚಪ್ಪಲಿ ಹಾಕಿಕೊಂಡೆ. ಎತ್ತಿಕೊಂಡದ್ದು ಯಾವುದನ್ನು ಎಂದು ದಾರಿಯುದ್ದಕ್ಕೂ ಯಾರು ನೋಡಿ ಹೇಳುತ್ತಾರೆ? ಚಪ್ಪಲಿ ಬಿಚ್ಚಿದೆ.

ದಿಂಬನ್ನು ಕಿಟಕಿಯಿಂದ ಹೊರಗೆಸೆದೆ. ಬಣ್ಣದ ಅಂಗಡಿಯ ಮುಂದೆ ಬೀದಿದೀಪದ ಕೆಳಗೆ ಬಿದ್ದಿದೆ, ಹಳದಿ ಬಟ್ಟೆ ಕಾಣುತ್ತದೆ. ಈಗ ಅಲ್ಲಿಂದ ಅಳು ಕೇಳಿಸುತ್ತಿದೆ.

ಬಟಾಣಿ ನನ್ನ ಕಣ್ಣೆದುರಿಗೇ ಬಾಯಿ ಮುಚ್ಚಿಕೊಂಡು ಮಲಗಿದ್ದಾಳೆ. ಅಳು ಕೆಳಗಿನಿಂದ ಬರುತ್ತಿದೆ. ಇಳಿದು ಹೋಗಬಾರದು ಎಂದು ಗೊತ್ತಿದೆ. ಗೊತ್ತಿರುವುದು ಇನ್ನೆಷ್ಟು ಹೊತ್ತು ಗೊತ್ತಿರುತ್ತದೋ ಗೊತ್ತಿಲ್ಲ. ಚಳಿಯಲ್ಲಿ ಬಿದ್ದ ಮಗು ಅತ್ತ ಹಾಗೇ ಇದೆ. ಒದ್ದೆಯಾಗಿದೆಯಾ ಎಂದು ಎದೆ ಮುಟ್ಟಿ ನೋಡಿಕೊಂಡೆ, ಆಗಲೇ ತೊಯ್ದಿರುವ ಅಂಗಿ, ಏನೂ ತಿಳಿಯುವುದಿಲ್ಲ.

ಈ ಪುಸ್ತಕದ ಹಾಳೆಗಳನ್ನು ಮೊದಲಿನಿಂದ ಫೋಟೋ ತೆಗೆದು ನಿಮಗೆ ಕಳಿಸುತ್ತಿದ್ದೇನೆ. ಇದೇ ಕೊನೆಯದು. ಹಿಟ್ಟು ನಾದಲು ಎದ್ದಾಗ ಫೋನ್ ಕೈಗೆ ತೆಗೆದುಕೊಳ್ಳುತ್ತೀರಲ್ಲ, ಆಗ ಪೂರ್ತಿ ಓದುತ್ತಾ ನಿಲ್ಲಬೇಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಮಗುವನ್ನು ಕರೆದುಕೊಂಡು ಹೋಗಿ, ನಾನು ಒಂದು ಮಾತೂ ಆಡುವುದಿಲ್ಲ.

ಮೊದಲು ಫೋನ್ ಮಾಡಿ. ಫೋನನ್ನು ತೊಟ್ಟಿಲ ಅಂಚಿನಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದೇನೆ. ನೀವು ಕರೆದರೆ ಸದ್ದಿನ ಜೊತೆಗೆ ದೀಪ ಹತ್ತುತ್ತದೆ. ಅದೊಂದು ಸದ್ದನ್ನು ನಾನು ನಂಬುತ್ತೇನೆ. ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುವುದಿಲ್ಲ, ಪ್ರಯತ್ನ ಮಾಡುತ್ತೇನೆ. ಬೆಳಗಾಗುವುದರೊಳಗೆ ಮಾಡಿ ಅಕ್ಕ. ದಯವಿಟ್ಟು, ಬೆಳಗಾಗುವುದರೊಳಗೆ.